ಹನಿ ಸೋರದ ಬಟ್ಟೆ

“ಈ ಬಟ್ಟಿ ಮನಷ್ಯಾರ ತಲಿ ಮ್ಯಾಲೆ ಬರಬಾರದು, ತಮ್ಮಾ. ಬಿಚ್ಚಿದ ದಿನಾನ ಸುಟ್ಟುಬಿಡು. ಹೊತ್ತು ಮುಳುಗೂದರಾಗ.”

ಚಂದ್ರಿಬಾಯಿ ಹೀಗೆಂದಾಗ ದಾವಲಮಲಿಕ ಬಾಯಲ್ಲಿ ಕಚ್ಚಿಕೊಂಡಿದ್ದ ಮೊಳೆಗಳನ್ನು ಅಂಗೈಗೆ ಉಗುಳಿಕೊಂಡ. ಬಾಯಲ್ಲಿ ಮೊಳೆ ಇಟ್ಟುಕೊಂಡು ನಗುವುದು ಕುಶನ್ ಕೆಲಸದವರಿಗೆ ಅಪಾಯ, ಅವನಿಗೋ ನಗು ತಡೆಯುವಂತಿರಲಿಲ್ಲ. ಮುದುಕಿ ಕಾರಿನ ಕೊಟ್ಟಿಗೆಯ ಬಾಗಿಲ ಹೊರಗೇ ನಿಂತಿದ್ದಳು. ಅವನು ಕೆಲಸಕ್ಕೆ ಬಂದ ದಿನದಿಂದಲೂ ಆಕೆ ಆ ಹೊಸ್ತಿಲು ದಾಟಿರಲಿಲ್ಲ. ಚಹಾದ ಲೋಟವನ್ನೂ ಹೊರಗಿನ ಕಲ್ಲಿನ ಮೇಲಿಟ್ಟು ಕೂಗಿ ಹೋಗುತ್ತಿದ್ದಳು.

ಹುಬ್ಬಳ್ಳಿಯ ಗ್ಯಾರೇಜುಗಳ ಓಣಿಯಲ್ಲಿ ಲಾರಿ ಸೀಟು, ಜೀಪಿನ ಹುಡ್ ಹೊಲಿದು ಕೈ ಪಳಗಿಸಿಕೊಂಡವನು ದಾವಲ. ಅಪಘಾತದಲ್ಲಿ ನೆತ್ತರು ಹೀರಿದ ಸೀಟುಗಳನ್ನು ಬಿಚ್ಚಿ, ತೊಳೆದು, ಹೊಸ ರೆಕ್ಸಿನ್ ಹೊಲಿದು ಕೊಟ್ಟವನು. ಲಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ ಗಾಡಿಗಳೇ ಹೆಚ್ಚಾಗಿ ಗುದ್ದಿಸಿಕೊಂಡು ಬರುತ್ತವೆ ಎಂದು ತಮಾಷೆ ಮಾಡುತ್ತಿದ್ದ. ಹರಕೆ ಹೊತ್ತು ಹೆತ್ತ ತಾಯಿ ಗುಡ್ಡದ ದರ್ಗಾದ ಹೆಸರನ್ನೇ ಇಟ್ಟು, ತೋಳಿಗೆ ತಾಯಿತ ಕಟ್ಟಿದ್ದಳು. ಹೆಸರು ಬಿಡಲಾಗದು, ಇಟ್ಟುಕೊಂಡಿದ್ದ. ತಾಯಿತವನ್ನು ಮದುವೆಯಾದ ವರ್ಷವೇ ಬಿಚ್ಚಿ ಎಲ್ಲೋ ಎಸೆದಿದ್ದ. ಗೋವೆಗೆ ಬಂದು ಇನ್ನೂ ಒಂದು ಮಳೆಗಾಲವನ್ನೂ ಪೂರ್ತಿ ಕಂಡಿರಲಿಲ್ಲ. ಗೋವೆಗೆ ರಾಜ್ಯದ ಪಟ್ಟ ಸಿಕ್ಕ ವರ್ಷವದು, ಮಡಗಾಂವಿನ ಗೋಡೆಗಳ ಮೇಲೆ ಅದರ ಬರಹ ಇನ್ನೂ ಹಸಿಯಾಗಿತ್ತು.

ಕಾರೆಂದರೆ ಅದು ಕಾರು. ಮಡಗಾಂವಿನ ಹತ್ತಿರದ ಕುಡ್ತರಿಯ ಬಾರ್ನಾಬ್ ಭಾಟಕಾರ, ಅಂದರೆ ಆ ಊರಿನ ಅರ್ಧ ಗದ್ದೆ ತೋಟಗಳ ಒಡೆಯ, ಪೋರ್ತುಗೀಜರ ಕಾಲದಲ್ಲಿ ಅದನ್ನು ಇಂಗ್ಲೆಂಡಿನಿಂದ ಹಡಗಿನಲ್ಲಿ ತರಿಸಿದ್ದ. ಅದನ್ನು ಮಾಡಿದ ಕಾರ್ಖಾನೆ ಎಂದೋ ಮುಚ್ಚಿಹೋಗಿತ್ತು. ನಡೆಯುತ್ತಿದ್ದಾಗಲೂ ವರ್ಷಕ್ಕೆ ಬೆರಳೆಣಿಕೆಯ ಕಾರುಗಳನ್ನಷ್ಟೇ ಕೈಯಿಂದ ಮಾಡುತ್ತಿದ್ದರಂತೆ. ಅಚ್ಚಿನಲ್ಲಿ ಒತ್ತಿ ತೆಗೆದ ಒಂದು ತಗಡೂ ಅದರಲ್ಲಿರಲಿಲ್ಲ. ಮರದ ಚೌಕಟ್ಟಿನ ಮೇಲೆ ಅಲ್ಯುಮಿನಿಯಂ ಹಾಳೆಯನ್ನು ಬಡಿದು ಬಡಿದೇ ಬಾಗಿಸಿದ್ದರು. ಮೇಲಿನಿಂದ ನೋಡಿದರೆ ಗಾಳಿಯಿಲ್ಲದ ದಿನದ ಕೆರೆಯಷ್ಟು ನುಣುಪು. ಒಳಗೆ ಕೈಹಾಕಿ ಸವರಿದರೆ ಮಾತ್ರ ಸುತ್ತಿಗೆಯ ಒಂದೊಂದು ಪೆಟ್ಟೂ ಬೆರಳಿಗೆ ಸಿಗುತ್ತಿತ್ತು. ಬಣ್ಣ ಮಾವಿನೆಲೆಯ ಕಡುಹಸಿರು. ಸೀಟಿಗೆ ಖರ್ಜೂರದ ಬಣ್ಣದ ಚರ್ಮ. ಸ್ಟೀರಿಂಗಿನ ಮುಂದಿನ ಹಲಗೆಯನ್ನು ಒಂದೇ ಮರದಿಂದ ಸೀಳಿ ಎಡಕ್ಕೂ ಬಲಕ್ಕೂ ಜೋಡಿಸಿದ್ದರಿಂದ ಮರದ ಗೆರೆಗಳು ಕನ್ನಡಿಯಲ್ಲಿ ಕಂಡಂತೆ ಒಂದಕ್ಕೊಂದು ಹೊಂದಿಕೊಂಡಿದ್ದವು. ಅದು ಮುರ್ಮುಗಾಂವ್ ಬಂದರಿನಲ್ಲಿ ಕ್ರೇನಿನಿಂದ ಇಳಿದಾಗ ಹಮಾಲರು ಮುಟ್ಟುವ ಮೊದಲು ಕೈ ತೊಳೆದುಕೊಂಡಿದ್ದರೆಂದು ಊರಿನಲ್ಲಿ ಈಗಲೂ ಹೇಳುತ್ತಿದ್ದರು.

ಅದರ ಹುಡ್ ಬಟ್ಟೆಯದು. ಬಿಸಿಲಿದ್ದಾಗ ಹಿಂದಕ್ಕೆ ಮಡಚಿಟ್ಟು ತಲೆಯ ಮೇಲೆ ಆಕಾಶ ಬಿಟ್ಟುಕೊಂಡು ಹೋಗುವುದು, ಮಳೆ ಬಂದರೆ ಏರಿಸಿಕೊಳ್ಳುವುದು. ಭಾಟಕಾರ ಹೋದ ವರ್ಷ ತೀರಿಕೊಂಡಿದ್ದ. ಮುಂಬಯಿಯಲ್ಲಿದ್ದ ಅವನ ತಂಗಿಯ ಮಗ ಕಾರನ್ನು ಅಲ್ಲಿಯ ಶೋಕಿದಾರನೊಬ್ಬನಿಗೆ ಮಾರುವವನಿದ್ದ. ಹಳೆಯ ಹುಡ್ ಬಿಚ್ಚಿ ಅದೇ ಅಳತೆಗೆ ಹೊಸದು ಹೊಲಿಯುವ ಕೆಲಸ ದಾವಲನ ಪಾಲಿಗೆ ಬಂದಿತ್ತು. ಬಂದ ಮೊದಲ ದಿನ ಅವನು ಉಪಕರಣದ ಚೀಲ ಬಿಚ್ಚಲೇ ಇಲ್ಲ. ಸುಮ್ಮನೆ ಆ ಹೊಲಿಗೆಗಳನ್ನು ನೋಡುತ್ತ ಕೂತ. ಇಷ್ಟು ಸಣ್ಣ, ಇಷ್ಟು ನೆಟ್ಟಗಿನ ಕೈಹೊಲಿಗೆಯನ್ನು ಹೊಲಿದ ಹೆಣ್ಣುಮಗಳು ಯಾವ ದೇಶದವಳೋ, ಅವಳ ಕೈಗೊಂದು ಸಲಾಮು ಎಂದುಕೊಂಡ.

ಚಂದ್ರಿಬಾಯಿ ಹಳಿಯಾಳದ ಕಡೆಯವಳು. ಹರೆಯದಲ್ಲೇ ಆ ಮನೆಯ ಅಡುಗೆ ಕೆಲಸಕ್ಕೆ ಬಂದು ಅಲ್ಲೇ ಮುದುಕಿಯಾಗಿದ್ದಳು. ದಾವಲ ನಗುವುದನ್ನು ನಿಲ್ಲಿಸಿದ ಮೇಲೆ ಆಕೆ ಹೇಳಿದ ಸಂಗತಿ ಇದು. ಬಹಳ ಹಿಂದೆ ಘಟ್ಟದ ಮೇಲಿಂದ ತಾಯಿ ಮಗಳು ಇಬ್ಬರು ಭಾಟಕಾರನ ಗದ್ದೆಗೆ ನಾಟಿ ಕೆಲಸಕ್ಕೆ ಬಂದಿದ್ದರು. ಮಗಳು ತುಂಬಿದ ಬಸುರಿ. ಒಂದು ಆಷಾಢದ ಮಧ್ಯಾಹ್ನ, ಕಣ್ಣು ಬಿಡಲಾಗದ ಮಳೆಯಲ್ಲಿ, ಗದ್ದೆಯಲ್ಲೇ ಅವಳಿಗೆ ಬೇನೆ ಸುರುವಾಯಿತು. ತಾಯಿ ಅವಳನ್ನು ಎಳೆದುಕೊಂಡು ರಸ್ತೆಗೆ ಬಂದಳು. ಎದುರಿಗೆ ಈ ಕಾರು, ಹುಡ್ ಏರಿಸಿಕೊಂಡು ಮಡಗಾಂವಿನ ಕಡೆಗೆ ಹೊರಟಿತ್ತು.

“ಭಾಟಕಾರ ಗಾಡಿ ನಿಂದರಿಸಿದಾ. ಮೊದಲ ಸೀಟು ನೋಡಿದಾ, ಆಮ್ಯಾಲೆ ಆ ಹುಡುಗೀನ್ನ ನೋಡಿದಾ. ‘ಇಲ್ಲೆ ಜಾಗಾ ಇಲ್ಲ, ಮುಂದ ಹೋಗು’ ಅಂದಾ. ಅಷ್ಟ,” ಎಂದಳು ಚಂದ್ರಿಬಾಯಿ.

ಹುಡುಗಿ ರಸ್ತೆಯ ಬದಿಯಲ್ಲೇ ಸತ್ತಳು, ಕೂಸು ಹೊಟ್ಟೆಯಲ್ಲೇ ಉಳಿಯಿತು. ತಾಯಿ ಅಳಲಿಲ್ಲ. ಹೆಣ ಮಣ್ಣಿಗಿಡುವ ಮೊದಲು ಅದರ ಜಡೆ ಕತ್ತರಿಸಿ ಉಡಿಯಲ್ಲಿಟ್ಟುಕೊಂಡಳು. ಅಮಾವಾಸ್ಯೆಯ ದಿನ, ಮನೆಯವರೆಲ್ಲ ಇಗರ್ಜಿಯ ಪ್ರಾರ್ಥನೆಗೆ ಹೋಗಿದ್ದಾಗ, ಹಾಡಹಗಲೇ ಈ ಕೊಟ್ಟಿಗೆಗೆ ಬಂದು ಹುಡ್‌ನ ಅಂಚು ಬಿಚ್ಚಿದಳು. ಮಗಳ ಕೂದಲನ್ನು ಒಳಗಿಟ್ಟು, ಕಪ್ಪು ಕೋಳಿಯ ನೆತ್ತರಲ್ಲಿ ಅದ್ದಿದ ದಾರದಿಂದ ಮತ್ತೆ ಹೊಲಿದಳು. ಚಂದ್ರಿಬಾಯಿ ಕಿಂಡಿಯಿಂದ ಎಲ್ಲವನ್ನೂ ಕಂಡಳು. ಪ್ರತಿ ಹೊಲಿಗೆಗೂ ಆ ತಾಯಿ ಒಂದೇ ಮಾತು ಹೇಳುತ್ತಿದ್ದಳಂತೆ. “ಇದರ ಕೆಳಗ ಕುಂತಾವ ತನ್ನವರನ್ನ ತಾನ ಮಳಿಯಾಗ ನಿಂದರಿಸಲಿ.”

ಮರುವರ್ಷದ ಮಳೆಗಾಲದಲ್ಲಿ ಭಾಟಕಾರ ಹುಡ್ ಏರಿಸಿಕೊಂಡು ಮನೆಗೆ ಬಂದ. ಜೊತೆಗೆ ಹೋದ ಹೆಂಡತಿ ಬಂದಿರಲಿಲ್ಲ. ಬೆಳಿಗ್ಗೆ ಆಕೆ ದಾರಿಬದಿಯ ಪ್ರಾರ್ಥನೆಯ ಶಿಲುಬೆಯ ಪಕ್ಕದ ಚರಂಡಿಯಲ್ಲಿ ಹೆಣವಾಗಿ ಸಿಕ್ಕಳು. ಅವತ್ತಿನಿಂದ ಹುಡ್ ಮೇಲೇರಲಿಲ್ಲ, ಕಾರೂ ಕೊಟ್ಟಿಗೆ ಬಿಡಲಿಲ್ಲ.

“ಕುಡದಿದ್ದಾನು, ಹೇಣ್ತಿನ್ನ ಮರತು ಬಂದಾನ. ತಪ್ಪು ಬಟ್ಟಿ ಮ್ಯಾಲೆ ಹಾಕ್ಯಾನ,” ಎಂದ ದಾವಲ.

ಸುಡುತ್ತೀಯೋ ಇಲ್ಲವೋ ಅಷ್ಟು ಹೇಳು ಎಂದಳು ಚಂದ್ರಿಬಾಯಿ. ಮುದುಕಿಯ ಬಾಯಿ ಮುಚ್ಚಿಸಿದರೆ ಸಾಕಾಗಿತ್ತು, ಸುಡುತ್ತೇನೆಂದು ಮಾತು ಕೊಟ್ಟ.

ಹುಡ್ ಬಿಚ್ಚಿ ನೆಲಕ್ಕೆ ಹರಡಿದಾಗ ಅದರ ಅಂಚಿನಲ್ಲಿ ಬೆರಳಿಗೆ ಗಟ್ಟಿಯಾಗಿ ಏನೋ ಸಿಕ್ಕಿತು. ಹೊಲಿಗೆ ತುಸು ಬಿಡಿಸಿ ಇಣುಕಿದ. ಕೂದಲು. ಉದ್ದನೆಯ ಕರಿಗೂದಲು, ಎಣ್ಣೆಯ ಪಸೆ ಆರದ ಹಾಗಿತ್ತು. ಒಂದು ಗಳಿಗೆ ಮೈ ಜುಮ್ಮೆಂದದ್ದು ನಿಜ. ಆದರೆ ಹಳೆಯ ಸೀಟುಗಳಲ್ಲಿ ಕುದುರೆಯ ಕೂದಲು ತುಂಬುವುದು ಅವನಿಗೆ ಗೊತ್ತಿದ್ದ ಸಂಗತಿ. ಇದೂ ಅದೇ ಎಂದು ತನಗೆ ತಾನೇ ಹೇಳಿಕೊಂಡು ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ. ಅವನ ಕಣ್ಣಿದ್ದದ್ದು ಬಟ್ಟೆಯ ಮೇಲೆ. ಹೊರಗೊಂದು ಪದರ, ಒಳಗೊಂದು ಪದರ, ನಡುವೆ ರಬ್ಬರು. ಅಷ್ಟು ಕಾಲ ಕಳೆದರೂ ಎಲ್ಲೂ ಬಿರುಕು ಬಿಟ್ಟಿರಲಿಲ್ಲ. ಮೇಲೆ ಚೊಂಬು ನೀರು ಸುರಿದು ಕಾದ. ನೀರು ಗುಂಡಾಗಿ ಉರುಳಿ ಹೋಯಿತು, ಕೆಳಗೆ ಹನಿಯೂ ಇಳಿಯಲಿಲ್ಲ. ಹುಡ್‌ನ ಜೊತೆ ಹಿಂಬದಿಯ ಮುಚ್ಚಿಗೆಯೂ ಇತ್ತು. ಎರಡನ್ನೂ ಜೋಡಿಸಿದರೆ ಒಂದು ಗುಡಿಸಲಿನ ಮೇಲೆ ಸರಿಯಾಗಿ ಕೂರುವಷ್ಟು ಅಗಲ.

ಇಂಥದ್ದನ್ನು ಸುಡುವುದೇ? ಅವನ ಗುಡಿಸಲಿದ್ದ ಮಡಗಾಂವಿನ ಮೋತಿ ಡೊಂಗರಿನ ಏರಿನಲ್ಲಿ ಮಳೆಗಾಲ ಕಳೆದವರನ್ನು ಕೇಳಿ ನೋಡಬೇಕು. ಅಲ್ಲಿ ಹಲಗೆ, ತಗಡು, ಪ್ಲಾಸ್ಟಿಕ್ಕಿನ ಗುಡಿಸಲುಗಳು ಒಂದರ ಹೆಗಲ ಮೇಲೊಂದು ಕೂತಿದ್ದವು. ಮುಂಗಾರು ಬಂತೆಂದರೆ ಜನ ಅನ್ನಕ್ಕಿಂತ ಮೊದಲು ತಾಡಪತ್ರಿಯನ್ನು ಹುಡುಕುತ್ತಿದ್ದರು. ಹಳೆಯ ಬ್ಯಾನರು, ಸಿಮೆಂಟಿನ ಚೀಲ, ಲಾರಿಯ ಹರಕು ಹೊದಿಕೆ, ಸಿಕ್ಕಿದ್ದನ್ನೆಲ್ಲ ಮಾಡಿನ ಮೇಲೆ ಹೇರಿ ಕಲ್ಲಿಡುತ್ತಿದ್ದರು. ದಾವಲನ ಹೆಂಡತಿ ಮೌಲಾಬಿಗೆ ದಿನ ತುಂಬಿತ್ತು. ಚೊಚ್ಚಲ ಹೆರಿಗೆ. ತವರಿಗೆ ಕಳಿಸೋಣವೆಂದರೆ ತಾಯಿ ತೀರಿಕೊಂಡಿದ್ದಳು, ಅಣ್ಣನ ಮನೆಯಲ್ಲಿ ಅತ್ತಿಗೆಯ ಮುಖ ನೋಡಿಕೊಂಡು ಬಾಣಂತನ ಮಾಡಿಸಿಕೊಳ್ಳುವ ಮನಸ್ಸು ಅವಳಿಗಿರಲಿಲ್ಲ. ಗುಡಿಸಲಿನಲ್ಲಿ ನೀರು ಸೋರಿ ಸೋರಿ ಚಾಪೆ ಹಾಸಲು ಒಣ ನೆಲವೇ ಉಳಿದಿರಲಿಲ್ಲ. ನಿನಗೂ ಕೂಸಿಗೂ ಹನಿ ಬೀಳದ ಒಂದು ಮೂಲೆ ಮಾಡಿಕೊಡುತ್ತೇನೆಂದು ಅವನು ಅವಳಿಗೆ ಮಾತು ಕೊಟ್ಟಿದ್ದ. ಮುದುಕಿಗೆ ಕೊಟ್ಟ ಮಾತಿಗಿಂತ ಅದು ದೊಡ್ಡದಾಗಿತ್ತು. ಅದಕ್ಕಾಗಿ ಅವನನ್ನು ಬೈಯಲು ನನಗಂತೂ ಬಾಯಿ ಬರುವುದಿಲ್ಲ.

ಬಟ್ಟೆಯನ್ನು ಸುರುಳಿ ಸುತ್ತಿ ಗೋಣಿಯಲ್ಲಿ ಹಾಕಿಕೊಂಡು ಹೊರಟಾಗ ಚಂದ್ರಿಬಾಯಿ ಎಲ್ಲಿಗೆಂದು ಕೇಳಿದಳು. ನದಿಯ ದಂಡೆಯಲ್ಲಿ ಸುಟ್ಟುಬಿಡುತ್ತೇನೆಂದ. ಆಕೆ ಅವನು ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತ ನಿಂತಳು.

ಮೇಲೆ ಬಟ್ಟೆ ಬಿದ್ದ ಮೊದಲ ಸಂಜೆ ಗುಡಿಸಲು ಅರಮನೆಯಾಯಿತು. ಹೊರಗೆ ಆಕಾಶವೇ ಕಳಚಿ ಬೀಳುತ್ತಿತ್ತು, ಒಳಗೆ ಒಂದು ಹನಿಯಿಲ್ಲ. ಪಕ್ಕದ ಗುಡಿಸಲಿನ ಸಾವಂತ್ರೆವ್ವ ಬಂದು ತಲೆಯೆತ್ತಿ ನೋಡಿ, ನಮಗೂ ಇಂಥಾದ್ದೊಂದು ತರಬಾರದೇನೋ ಎಂದು ಗೊಣಗಿ ಹೋದಳು. ಸಾವಂತ್ರೆವ್ವ ಹಗಲು ಕಟ್ಟಡದ ಕೆಲಸಕ್ಕೆ ಹೋಗುವವಳು, ಆ ಏರಿನ ಹೆಂಗಸರಿಗೆಲ್ಲ ಹೆರಿಗೆ ಮಾಡಿಸುವವಳೂ ಅವಳೇ. ಮೌಲಾಬಿ ಒಣ ಚಾಪೆಯ ಮೇಲೆ ಕಾಲು ಚಾಚಿಕೊಂಡು, ಅವ್ವ ಹೊಲಿದು ಕೊಟ್ಟ ಕೌದಿ ಹೊದ್ದು, ಬಹಳ ದಿನದ ಮೇಲೆ ನಕ್ಕಳು.

ಆದರೆ ಆ ಬಟ್ಟೆಯ ಮೇಲೆ ಮಳೆಗೆ ಸದ್ದಿರಲಿಲ್ಲ. ಅಕ್ಕಪಕ್ಕದ ತಗಡುಗಳೆಲ್ಲ ಬೊಬ್ಬೆ ಹೊಡೆಯುತ್ತಿದ್ದರೆ ಇವರ ತಲೆಯ ಮೇಲೆ ಮಾತ್ರ ಮೌನ. ಕಿವಿಗೊಟ್ಟರೆ ಆ ಮೌನದಲ್ಲಿ ಬೆರಳಿನಿಂದ ಮೆಲ್ಲಗೆ ತಟ್ಟಿದಂತೆ ಟಕ್ ಟಕ್ ಎನ್ನುತ್ತಿತ್ತು. ಚರ್ಮ ಪೆಟ್ರೋಲುಗಳ ಹಳೆಯ ವಾಸನೆಯ ಅಡಿಯಿಂದ ಇನ್ನೊಂದು ವಾಸನೆ ಏಳುತ್ತಿತ್ತು. ಗದ್ದೆಯ ಕೆಸರು, ಒದ್ದೆ ಕೂದಲು, ಹಳಸಿದ ಎಣ್ಣೆ.

ಒಂದು ದಿನ ಕೆಲಸದಿಂದ ಬಂದಾಗ ಮೌಲಾಬಿ ಹೇಳಿದಳು, “ನೀವು ಇಲ್ಲದಾಗ ಒಬ್ಬಾಕಿ ಬಂದು ಬಾಗಲದಾಗ ನಿಂದರತಾಳ್ರಿ. ಮಾತಾಡೂದಿಲ್ಲ. ನನ್ನಂಗ ಹೊಟ್ಯಾಕಿ. ಪೂರಾ ತೊಯ್ದಿರತಾಳ. ಒಳಗ ಕರೀಲೇನ್ರಿ? ಪಾಪ ಅನಸ್ತೈತಿ.”

ದಾವಲ ಬಾಗಿಲಿನಿಂದ ಹೊರಗೆ ಇಣುಕಿ ನೋಡಿದ. ಯಾರೋ ಭಿಕ್ಷೆಯವಳಿರಬೇಕು, ಗುರುತಿಲ್ಲದವರನ್ನು ಒಳಗೆ ಬಿಟ್ಟುಕೊಳ್ಳಬೇಡ ಎಂದ. ಅಷ್ಟೇ ಆಗಿದ್ದರೆ ಸರಿಯಿತ್ತು. “ಯಾರು ಕರದ್ರೂ ಬಾಗಲಾ ತಗೀಬ್ಯಾಡ,” ಎಂದು ಗಟ್ಟಿಸಿ ಇನ್ನೊಮ್ಮೆ ಹೇಳಿದ. ಮೌಲಾಬಿ ತಲೆಯಾಡಿಸಿದಳು. ಅವಳ ಚಾಪೆಯ ಪಕ್ಕದಲ್ಲಿ, ಒಣ ನೆಲದ ಮೇಲೆ, ಯಾರೋ ಒರಗಿ ಕೂತು ಎದ್ದಂತೆ ಒದ್ದೆಯ ಗುರುತಿತ್ತು. ಅವನು ಅದನ್ನು ನೋಡಿದ. ಮೌಲಾಬಿಯ ದೃಷ್ಟಿಯೂ ಅಲ್ಲಿಗೇ ಹೋಗಿ, ತಪ್ಪು ಮಾಡಿದವಳಂತೆ ಪಕ್ಕಕ್ಕೆ ಸರಿಯಿತು.

ಮೌಲಾಬಿಯ ಸ್ವಭಾವವೇ ಹಾಗೆ. ಹೊಸ್ತಿಲಿಗೆ ಬಂದವರಿಗೆ ಇಲ್ಲ ಎನ್ನಲಾರಳು, ಗಂಡನಿಗೆ ಎದುರಾಡಲಾರಳು. ಗಂಡನ ಹೆಸರನ್ನಂತೂ ಒಮ್ಮೆಯೂ ನಾಲಿಗೆಯ ಮೇಲೆ ತಂದವಳಲ್ಲ. ರೇಷನ್ ಕಾರ್ಡಿನವರು ಹೆಸರು ಕೇಳಿದಾಗ ಸೆರಗು ಬಾಯಿಗೊತ್ತಿಕೊಂಡು ಸಾವಂತ್ರೆವ್ವನ ಕಡೆ ನೋಡಿದ್ದಳು, ಸಾವಂತ್ರೆವ್ವ ನಗುತ್ತ ಹೆಸರು ಹೇಳಿದ್ದಳು. ಅದನ್ನೇ ಎತ್ತಿ ದಾವಲ ಅವಳನ್ನು ಎಷ್ಟೋ ಸಲ ಕಾಡಿಸುತ್ತಿದ್ದ. ಒಂದು ಸಲ ಅಂದು ತೋರಿಸು, ಸೀರೆ ಕೊಡಿಸುತ್ತೇನೆ ಎನ್ನುತ್ತಿದ್ದ. ಅವಳು ಸೀರೆ ಬಿಟ್ಟಳೇ ಹೊರತು ಹೆಸರು ಹೇಳಲಿಲ್ಲ.

ಹೊಸ ಹುಡ್ ತಯಾರಾಯಿತು. ಅದನ್ನು ಕಾರಿಗೆ ಕೂರಿಸಿ ಕೊನೆಯ ಮೊಳೆ ಹೊಡೆಯುವಾಗ ಚಂದ್ರಿಬಾಯಿ ಹೊಸ್ತಿಲ ಆಚೆಯಿಂದ ಗಾಳಿಯನ್ನು ಮೂಸಿದಳು. ಹಳೆಯದು ಹೋದ ಮೇಲೂ ಈ ವಾಸನೆ ಎಲ್ಲಿಂದ ಬರುತ್ತಿದೆ ಎಂದು ಕೇಳಿದಳು. ದಾವಲ ತನ್ನ ಅಂಗಿಯನ್ನು ಮೂಸಿಕೊಂಡ. ಕೆಸರು, ಒದ್ದೆ ಕೂದಲು. ಅವನ ಮುಖ ನೋಡಿಯೇ ಮುದುಕಿಗೆ ತಿಳಿದುಹೋಯಿತು. ಎಲ್ಲಿ ಹಾಕಿದ್ದೀಯಾ ಎಂದಳು. ಮನೆಯ ಮೇಲೆ ಎಂದ. ಮನೆಯಲ್ಲಿ ಯಾರಿದ್ದಾರೆ ಎಂದಳು. ದಿನ ತುಂಬಿದ ಹೆಂಡತಿ ಎಂದ.

“ಓಡು,” ಎಂದಳು ಚಂದ್ರಿಬಾಯಿ. “ಮಳಿ ಹಿಡಿಯೂದರಾಗ ಅದನ್ನ ಕೆಳಗ ಇಳಸು.”

ಅವನು ಚೀಲವನ್ನೂ ಎತ್ತಿಕೊಳ್ಳದೆ ಓಡಿದ. ಬಸ್ಸು ಸಿಕ್ಕಿತು, ಆದರೆ ಅರ್ಧ ದಾರಿಯಲ್ಲಿ ಮರವೊಂದು ರಸ್ತೆಗೆ ಅಡ್ಡ ಬಿದ್ದಿತ್ತು. ಅಲ್ಲಿಂದ ಮುಂದೆ ನಡಿಗೆ, ನಡಿಗೆಯಲ್ಲ, ಓಟ. ಪಡುವಣದಿಂದ ಕರಿಮೋಡ ಎದ್ದು ಮೂರನೇ ಪ್ರಹರದಲ್ಲೇ ಊರಿಗೆ ಕತ್ತಲು ಕವಿಯಿತು. ಮಡಗಾಂವಿನ ದೀಪಗಳೆಲ್ಲ ಒಮ್ಮೆಗೇ ಹೋದವು. ಮೋತಿ ಡೊಂಗರಿನ ಬುಡಕ್ಕೆ ಬರುವಷ್ಟರಲ್ಲಿ ಮಳೆ ಹಗ್ಗದಂತೆ ಇಳಿಯತೊಡಗಿತ್ತು. ಏರುದಾರಿಯಲ್ಲಿ ಕೆಂಪು ನೀರು ಮೊಣಕಾಲಿಗೆ ಬಡಿಯುತ್ತಿತ್ತು. ಜನರೆಲ್ಲ ಬಾಗಿಲು ಹಾಕಿಕೊಂಡಿದ್ದರು.

ಗುಡಿಸಲಿನ ಬಾಗಿಲು ಓರೆಯಾಗಿತ್ತು. ಒಳಗೆ ಚಿಮಣಿ ದೀಪ ಉರಿಯುತ್ತಿತ್ತು. ಮೌಲಾಬಿ ಗೋಡೆಯ ಕಡೆಗೆ ಮುಖ ಮಾಡಿ, ಕೌದಿಯನ್ನು ತಲೆಯವರೆಗೂ ಎಳೆದುಕೊಂಡು ಮಲಗಿದ್ದಳು. ನರಳುತ್ತಿದ್ದಳು. ದಾವಲನ ಜೀವ ಜಾಗಕ್ಕೆ ಬಂತು. ಬಾಗಿಲು ಹಾಕಿ ಅಗಳಿ ಸಿಕ್ಕಿಸಿ ಅವಳ ಬಳಿ ಕುಕ್ಕರಿಸಿದ.

“ಬ್ಯಾನಿ ಸುರು ಆತೇನು? ಸಾವಂತ್ರೆವ್ವನ್ನ ಕರೀಲೇನು?”

ಕೌದಿಯ ಅಡಿಯಿಂದ ಒಂದು ಕೈ ಬಂದು ಅವನ ಮಣಿಕಟ್ಟನ್ನು ಹಿಡಿಯಿತು. ತಣ್ಣಗಿತ್ತು, ಒದ್ದೆಯಾಗಿತ್ತು. ಬೆವರಿದ್ದಾಳೆ ಎಂದುಕೊಂಡ. ಹಿಡಿತ ಬಿಗಿಯಾಯಿತು. ಹೋಗಬೇಡ ಎನ್ನುವಂಥ ಹಿಡಿತ. ಅವನು ತಲೆಯೆತ್ತಿ ಮಾಡನ್ನು ನೋಡಿದ. ಬಟ್ಟೆಯನ್ನು ಈಗಲೇ ಕಿತ್ತೊಗೆಯಬೇಕೆಂದು ಮುದುಕಿ ಹೇಳಿದ್ದಳು. ಕಿತ್ತರೆ ಈ ಮಳೆಯೆಲ್ಲ ಹೆರುವವಳ ಮೈಮೇಲೆ. ಕೂಸೊಂದು ಹೊರಗೆ ಬರಲಿ, ಆಮೇಲೆ ಎಂದು ತೀರ್ಮಾನಿಸಿದ. ಹಿಡಿತದಿಂದ ಕೈ ಬಿಡಿಸಿಕೊಂಡು ನೀರು ಕಾಯಿಸಲು ಎದ್ದ.

ಆಗ ಬಾಗಿಲು ಬಡಿಯಿತು.

“ಬಾಗಲಾ ತಗೀರಿ. ನಾನ್ರೀ.”

ಮೌಲಾಬಿಯ ದನಿ. ದಾವಲನ ಕೈಯಲ್ಲಿದ್ದ ಪಾತ್ರೆ ನೆಲಕ್ಕೆ ಬಿತ್ತು. ತಿರುಗಿ ನೋಡಿದ. ಕೌದಿ ಚಾಪೆಯ ಮೇಲೇ ಇತ್ತು. ಅದರ ಅಡಿಯಲ್ಲಿ ಉಬ್ಬಿದ ಹೊಟ್ಟೆ ಏರಿ ಇಳಿಯುತ್ತಿತ್ತು.

“ಬ್ಯಾನಿ ಬಂದಾವ್ರಿ. ಸಾವಂತ್ರಕ್ಕನ ಮನೀಗ ಹೋಗಿದ್ನಿ, ಕೀಲಿ ಐತಿ. ಬಾಗಲಾ ತಗೀರಿ.”

ಅವನು ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಚಂದ್ರಿಬಾಯಿಯ ಮಾತೆಲ್ಲ ಒಮ್ಮೆಗೇ ತಲೆಯೊಳಗೆ ನುಗ್ಗಿತು. ತೊಯ್ದ ಬಸುರಿ. ಮಳೆ. ರಸ್ತೆಯ ಬದಿ. ಬಂದಿದ್ದಾಳೆ. ಜಾಗ ಕೇಳಲು ಬಂದಿದ್ದಾಳೆ. ಹೆಂಡತಿಯ ದನಿ ಹಾಕಿಕೊಂಡು ಬಂದಿದ್ದಾಳೆ. ಬಾಗಿಲು ತೆಗೆದರೆ ಒಳಗಿರುವ ಎರಡು ಜೀವ ಹೋಗುತ್ತವೆ. ಮಾಟವೆಂದರೆ ಮೂಗು ಮುರಿಯುತ್ತಿದ್ದ ಮನುಷ್ಯ ಈಗ ಅದನ್ನು ಪೂರ್ತಿಯಾಗಿ ನಂಬಿದ. ನಂಬಿಕೆ ಬರಬೇಕಾದ ಹೊತ್ತಿಗೆ ಬರಲಿಲ್ಲ, ಬರಬಾರದ ಹೊತ್ತಿಗೆ ಬಂತು.

ಹೊರಗಿನವಳು ಅತ್ತಳು. ಹಲಗೆಗೆ ಉಗುರು ಕೆರೆದಳು. ನೆಲದಲ್ಲಿ ನೀರು ಏರುತ್ತಿದೆ, ನಿಲ್ಲಲಾಗುತ್ತಿಲ್ಲ ಎಂದಳು. ಅವನ ಬೆನ್ನಿಗೆ ಅವಳ ಗುದ್ದು ತಾಗುತ್ತಿತ್ತು. ಎಳೆ ಕೈಯ ಗುದ್ದು. ಒಂದು ಗಳಿಗೆ ಮನಸ್ಸು ಕರಗಿತು. ಕೈ ಅಗಳಿಗೆ ಹೋಯಿತು. ಬೆರಳು ಅಗಳಿ ಸರಿಸಿತು.

“ದಾವಲಾ!”

ಅವನ ಕೈ ಅಗಳಿಯ ಮೇಲೇ ನಿಂತಿತು.

“ದಾವಲಾ! ದಾವಲಾ!”

ಇವಳಲ್ಲ. ಮೌಲಾಬಿ ಸತ್ತರೂ ಆ ಹೆಸರು ಹೇಳುವವಳಲ್ಲ. ಸಿಕ್ಕಿಬಿದ್ದೆ ನೀನು. ಅವನು ಅಗಳಿಯನ್ನು ಮತ್ತೆ ಒತ್ತಿ ಹಾಕಿದ. ಬೆನ್ನನ್ನು ಗಟ್ಟಿಯಾಗಿ ಕೊಟ್ಟ. ಎರಡೂ ಕಿವಿ ಮುಚ್ಚಿಕೊಂಡ. ತನ್ನ ಬಾಯಿಂದ ಏನು ಹೊರಡುತ್ತಿದೆ ಎಂದು ಅವನಿಗೆ ಆ ಹೊತ್ತಿಗೆ ತಿಳಿಯಲಿಲ್ಲ.

“ಇಲ್ಲೆ ಜಾಗಾ ಇಲ್ಲ. ಮುಂದ ಹೋಗು.”

ಗುದ್ದು ನಿಂತಿತು. ಹಲಗೆಯ ಮೇಲಿಂದ ಬೆರಳುಗಳು ಮೆಲ್ಲಗೆ ಕೆಳಗೆ ಜಾರಿದವು. ಏನೋ ನೀರಿನಲ್ಲಿ ಕುಸಿದ ಸದ್ದು. ಆಮೇಲೆ ಬರೀ ಮಳೆ.

ಎಷ್ಟು ಹೊತ್ತು ಹಾಗೆ ನಿಂತನೋ. ಮಳೆ ತಗ್ಗಿತು. ನಿಂತಿತು. ಅವನ ಹಣೆಯ ಮೇಲೆ ಟಪ್ಪೆಂದು ಒಂದು ಹನಿ ಬಿತ್ತು. ಹನಿ ಸೋರದ ಬಟ್ಟೆಯಿಂದ ಬಿದ್ದ ಮೊದಲ ಹನಿ. ಚಾಪೆಯ ಕಡೆಯಿಂದ ನರಳಾಟ ಕೇಳಿಸುತ್ತಿರಲಿಲ್ಲ. ಹೆಸರು ಹಿಡಿದು ಕರೆದ. ಹತ್ತಿರ ಹೋದ. ಕೌದಿ ಚಾಪೆಗೆ ಚಪ್ಪಟೆಯಾಗಿ ಅಂಟಿತ್ತು. ಎಳೆದ. ಅದರ ಅಡಿಯಲ್ಲಿ ಗದ್ದೆಯ ಕೆಸರು ನೀರು. ನೀರಿನಲ್ಲಿ ಉದ್ದನೆಯ ಒಂದು ಜಡೆ.

ಬಾಗಿಲು ತೆಗೆದಾಗ ಮೌಲಾಬಿ ಹೊಸ್ತಿಲಿನಿಂದ ಒಂದು ಮಾರು ಕೆಳಗೆ, ಚರಂಡಿಯ ಕಲ್ಲಿಗೆ ಸಿಕ್ಕಿಕೊಂಡು ಬಿದ್ದಿದ್ದಳು. ಕೆಲಸದಿಂದ ಮರಳುತ್ತಿದ್ದ ಸಾವಂತ್ರೆವ್ವ ಆಗಲೇ ಓಡಿ ಬಂದು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ದಾವಲನ ಮುಖ ನೋಡಿ, ತಳ್ಳುಗಾಡಿ ತಾ ಎಂದಷ್ಟೇ ಹೇಳಿದಳು.

ಮೌಲಾಬಿ ಉಳಿದಳು. ಗಂಡು ಕೂಸು ಉಳಿಯಲಿಲ್ಲ.

ಅವನು ಬಟ್ಟೆಯನ್ನು ಸುಟ್ಟ. ಸ್ಮಶಾನದ ಬದಿಯಲ್ಲಿ, ಹೊತ್ತು ಮುಳುಗುವುದರೊಳಗೆ, ಚಂದ್ರಿಬಾಯಿ ಹೇಳಿದಂತೆಯೇ. ಜಡೆ ಬಹಳ ಹೊತ್ತು ಉರಿಯಿತು. ಮಾರನೆಯ ದಿನ ಕುಡ್ತರಿಗೆ ಹೋದಾಗ ಕೊಟ್ಟಿಗೆ ಖಾಲಿಯಿತ್ತು. ಮುಂಬಯಿಯವನು ಬಂದು ಕಾರನ್ನು ಒಯ್ದಿದ್ದ. ಬಿಸಿಲಿತ್ತಂತೆ, ಹುಡ್ ಮಡಚಿಕೊಂಡೇ ಹೋದನಂತೆ, ರಸ್ತೆಯ ಎರಡೂ ಕಡೆ ಜನ ನಿಂತು ನೋಡಿದರಂತೆ. ನೆಲದ ಮೇಲೆ ಎಣ್ಣೆಯ ಕಲೆ ಮಾತ್ರ ಉಳಿದಿತ್ತು. ದಾವಲ ನಡೆದದ್ದನ್ನೆಲ್ಲ ಹೇಳಿದ. ಚಂದ್ರಿಬಾಯಿ ಮೊದಲ ಸಲ ಹೊಸ್ತಿಲು ದಾಟಿ ಒಳಗೆ ಬಂದು ಅವನ ಪಕ್ಕದಲ್ಲಿ ಕೂತಳು. ಭಾಟಕಾರ ಅವತ್ತು ಕುಡಿದಿರಲಿಲ್ಲ ಎಂದಳು. ಹೆಂಡತಿ ಶಿಲುಬೆಗೆ ಮೇಣದಬತ್ತಿ ಹಚ್ಚಲು ಇಳಿದಿದ್ದಳು. ಹಿಂದಿನ ಬಾಗಿಲು ತೆರೆದು ಮುಚ್ಚಿದ ಸದ್ದಾಯಿತು, ಹಿಂದೆ ಯಾರೋ ಶಾಲು ಹೊದ್ದು ಕೂತದ್ದು ಕನ್ನಡಿಯಲ್ಲಿ ಕಂಡಿತು, ಹೆಂಡತಿಯೆಂದುಕೊಂಡ. ಆಮೇಲೆ ಹೊರಗಿನಿಂದ ಒಬ್ಬಳು ಕಾರನ್ನು ಬಡಿದು ಬಡಿದು ಅತ್ತಳು. ಹೊರಗಿನವಳೇ ಸತ್ತ ಹುಡುಗಿಯೆಂದು ಹೆದರಿ ಅವನು ಗಾಡಿ ಓಡಿಸಿದ್ದ. ಇದನ್ನು ಸಾಯುವ ಮುಂಚೆ ಅವನೇ ಚಂದ್ರಿಬಾಯಿಗೆ ಹೇಳಿದ್ದ. ನೀನು ಅವತ್ತು ನಗದೇ ಇದ್ದಿದ್ದರೆ ಇಷ್ಟನ್ನೂ ಹೇಳುತ್ತಿದ್ದೆ ಎಂದಳು.

ಆಸ್ಪತ್ರೆಯಿಂದ ಬಂದ ಮೇಲೆ ಮೌಲಾಬಿ ಗುಡಿಸಲಿನೊಳಗೆ ಕಾಲಿಡಲಿಲ್ಲ. ಸಾವಂತ್ರೆವ್ವನ ಮನೆಯಲ್ಲೇ ಉಳಿದಳು. ಗಂಡನ ಜೊತೆ ಮಾತೇ ಆಡಲಿಲ್ಲ. ಮೈಯಲ್ಲಿ ಕಸುವು ಬಂದ ದಿನ, ಅಣ್ಣ ಕರೆದೊಯ್ಯಲು ಬಂದು ಏರಿನ ಬುಡದಲ್ಲಿ ಕಾಯುತ್ತಿದ್ದಾಗ, ಬಟ್ಟೆಯ ಗಂಟು ಹಿಡಿದುಕೊಂಡು ಬಂದು ಬಾಗಿಲ ಹೊರಗೆ ನಿಂತಳು. ಒಳಗೆ ಬಾ ಎಂದು ದಾವಲ ಬೇಡಿಕೊಂಡ. ಅವಳು ಹಲಗೆಗಳ ನಡುವಿನ ಸಂದನ್ನು ಬೆರಳಿಂದ ಮುಟ್ಟಿ ತೋರಿಸಿದಳು.

“ಒಳಗ ಚಿಮಣಿ ಇತ್ತು. ಎಲ್ಲಾ ಕಂಡಿತು. ನನ್ನ ಕೌದಿ ಹೊದ್ಕೊಂಡು ಮಲಗಿದ್ದಾಕಿ ಯಾರು?”

ಅವನು ಎಲ್ಲವನ್ನೂ ಹೇಳಿದ. ಕಾರು, ಬಟ್ಟೆ, ಕೂದಲು, ಹೊಸ್ತಿಲಲ್ಲಿ ನಿಲ್ಲುತ್ತಿದ್ದವಳು, ಕನ್ನಡಿಯಲ್ಲಿ ಕಂಡ ಶಾಲು, ಏನನ್ನೂ ಬಿಡದೆ ಹೇಳಿದ. ಹೇಳುತ್ತ ಹೇಳುತ್ತ ಅವನಿಗೇ ಅದು ಕಟ್ಟುಕತೆಯಂತೆ ಕೇಳಿಸಿತು. ಮೌಲಾಬಿ ನಡುವೆ ಬಾಯಿ ಹಾಕದೆ ಕೇಳಿದಳು. ಸಿಟ್ಟಾಗಲಿಲ್ಲ. ಅತ್ತದ್ದೂ ಇಲ್ಲ. ಮುಗಿದ ಮೇಲೆ ಗಂಟನ್ನು ಕಂಕುಳಿಗೆ ಏರಿಸಿಕೊಂಡಳು.

“ಹೆಸರು ಹಿಡದು ಕರದರ ತಗೀತಾರ ಅಂದ್ಕೊಂಡಿದ್ನಿ,” ಎಂದಳು.

ಆಮೇಲೆ ಬೀದಿಯ ಯಾರನ್ನೋ ನೋಡುವಂತೆ, ತಲೆಯ ಮೇಲಿನ ಸೆರಗನ್ನೂ ಸರಿಪಡಿಸಿಕೊಳ್ಳದೆ, ಅವನ ಮುಖವನ್ನು ನೇರವಾಗಿ ನೋಡಿದಳು.

“ಬರತೇನಿ, ದಾವಲಾ.”